ಹಿತ್ತಲ ಕೋಣೆಗೆ ಎಳೆದ ಕೇಬಲ್

ಮಂಗಳವಾರ ಮಧ್ಯಾಹ್ನ 1:30ಕ್ಕೆ ಅಣ್ಣ, ತಂಗಿ ಠಾಣೆಗೆ ಬಂದರು. ದೂರು ತಂಗಿಯದು, ಕೂಗಾಟವೆಲ್ಲ ಅಣ್ಣನದು. ಅವನು ಎಲೆಕ್ಟ್ರಿಷಿಯನ್.

“ಪಕ್ಕದ್ಮನೆಯೋನೇ ಮೇಡಂ! ಹೊಟ್ಟೆಕಿಚ್ಚು. ಒದ್ದು ಒಳಗೆ ಹಾಕಿ!”

“ನಿಮ್ಮನ್ನ ಕೇಳ್ಲಿಲ್ಲ,” ಎಂದರು ಇನ್ಸ್‌ಪೆಕ್ಟರ್. “ನೀನು ಹೇಳಮ್ಮ.”

ಹಿತ್ತಲಿನ ಒಂಟಿ ಕೋಣೆಯಲ್ಲಿ ಕೂತು ಅವಳು ಬೆರಳಚ್ಚುಗಾರರ ಹುದ್ದೆಗೆ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದಳು. ಮನೆಯ ವೈಫೈ ಅಲ್ಲಿಗೆ ಸಿಗದು. ಹಾಗಾಗಿ ಅಣ್ಣನೇ ರೂಟರ್‌ನಿಂದ ನೆಲದಡಿ ಕೇಬಲ್ ಎಳೆದು, ಕೋಣೆಯಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಕೂರಿಸಿದ್ದ. 11:12ಕ್ಕೆ ಅಲ್ಲಿ ನೆಟ್ ಹೋಯಿತು. ಮನೆಯೊಳಗೆ ಓಡಿಹೋಗಿ ಮತ್ತೆ ತೆರೆದರೆ ಪರೀಕ್ಷೆಯ ಪುಟ ಒಳಗೆ ಬಿಡಲಿಲ್ಲ. ವಯೋಮಿತಿಯಲ್ಲಿ ಅದೇ ಕೊನೆಯ ಅವಕಾಶ. 12:40ಕ್ಕೆ ಕೋಣೆಗೆ ನೆಟ್ ತಾನಾಗಿ ಬಂತು. ಕೋಣೆಯ ಹಿಂಬದಿಗೆ ಹೋಗಿ ನೋಡಿದರೆ ಕೇಬಲ್ ಹೂತ ಕಡೆ ಯಾರೋ ಮಣ್ಣು ಕೆದಕಿದ್ದರು.

ಎಫ್‌ಐಆರ್ ದಾಖಲಾಯಿತು. 2:45ಕ್ಕೆ ಹಿತ್ತಲಲ್ಲಿ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಮಣ್ಣು ತೋಡಿದರು. ಕಡಿದ ಕೇಬಲ್ಲಿನ ಎಂಟು ಎಳೆಗಳನ್ನೂ ಒಂದೊಂದಾಗಿ ತಿರುಚಿ ಸೇರಿಸಿ, ಪ್ರತಿಯೊಂದಕ್ಕೂ ಕೆಂಪು ಟೇಪ್ ಮೂರು ಸುತ್ತು ಸುತ್ತಲಾಗಿತ್ತು.

“ನಾವು ಹೀಗೆ ಸೇರ್ಸಲ್ಲ, ಕನೆಕ್ಟರ್ ಹಾಕ್ತೀವಿ,” ಎಂದ ಪೊಲೀಸರು ಕರೆಸಿದ್ದ ನೆಟ್ ಕಂಪನಿಯವನು. “ಇದು ಕರೆಂಟ್ ಕೆಲಸದೋರ ಕೈ.”

ಇನ್ಸ್‌ಪೆಕ್ಟರ್ ಅಣ್ಣನೇ ವೈರಿಂಗ್ ಮಾಡಿದ್ದ ಅಡುಗೆಮನೆಯ ಸ್ವಿಚ್ ಬೋರ್ಡ್ ಬಿಚ್ಚಿಸಿದರು. ಅದೇ ಕೆಂಪು, ಅದೇ ಮೂರು ಸುತ್ತು. ತಂಗಿಯ ಬದುಕನ್ನು ಅರ್ಧಕ್ಕೇ ಕಡಿದವನಿಗೆ ಕೇಬಲ್ಲನ್ನು ಮಾತ್ರ ಅರೆಬರೆ ಬಿಡಲು ಮನಸ್ಸು ಬರಲಿಲ್ಲ!

“ಬೆಳಿಗ್ಗೆ ಎಲ್ಲಿದ್ರಿ?”

“ಕೆಲಸದಲ್ಲಿ.”

“ಮೇಸ್ತ್ರಿಗೆ ಫೋನ್ ಮಾಡ್ದೆ. ಹತ್ತೂವರೆಗೇ ಹೊರಟ್ರಂತಲ್ಲ?”

ಅವನು ತಂಗಿಯತ್ತ ಕೈ ತೋರಿಸಿದ.

“ಅವಳು ಕೆಲಸಕ್ಕೆ ಹೋದ್ರೆ ನನ್ನ ಮಕ್ಳನ್ನ ಯಾರು ನೋಡ್ಕೋತಾರೆ?”

“ನೆಟ್ ಯಾಕೆ ಹಾಕಿಕೊಟ್ಟೆ ಮತ್ತೆ?” ತಂಗಿ ಕಿರುಚಿದಳು.

“ಪಾಸಾಗ್ತೀಯ ಅಂದ್ಕೊಂಡಿರ್ಲಿಲ್ಲ. ಮೊನ್ನೆ ಮಾದರಿ ಪರೀಕ್ಷೇಲಿ ಮೊದಲು ಬಂದ್ಯಲ್ಲ, ಭಯ ಆಯ್ತು.”

3:50ಕ್ಕೆ ಬಂಧನ. ಜೀಪು ಹತ್ತುವಾಗ ಅವನು ಗೋಗರೆದ. “ಕಂಪ್ಲೇಂಟ್ ವಾಪಸ್ ತಗೋ ಪುಟ್ಟಿ. ಮಕ್ಳು ಸ್ಕೂಲಿಂದ ಬರೋ ಹೊತ್ತಾಯ್ತು.”

“ಬರ್ಲಿ. ಅವ್ರಿಗೆ ಊಟ ಹಾಕ್ತೀನಿ. ನಿನಗಲ್ಲ.”

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅವನ ಹೇಳಿಕೆ ಬರೆದುಕೊಂಡರು. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷ ಇಬ್ಬರು ಮಕ್ಕಳನ್ನೂ ತಂಗಿಯೇ ಸಾಕಿದ್ದಳು. ಅವಳು ಹೊರಟರೆ ತನ್ನ ಗತಿಯೇನೆಂದು ಹೆದರಿದ್ದ. ಹೇಳಿಕೆ ಮೂರು ಪುಟವಾಯಿತು. ಆ ಆರು ವರ್ಷ ಅವಳದೂ ಆಗಿತ್ತೆಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ.