ಹುಳಿ ಬೀರಿಗೂ ‘ಛಲೋ ಅದ’ ಅಂದವ

“ಇದೂ ಛಲೋ ಅದ ಏನ್ರಿ?”

ಸುವರ್ಣಾ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಬೀರಿನ ನೊರೆ ಹಾರಿ ಎದುರಿಗೆ ಕೂತಿದ್ದ ಶಾಂತಕುಮಾರನ ಬಿಳಿ ಅಂಗಿಯ ಮೇಲೆ ಬಿತ್ತು.

ಅವನು ಒರೆಸಿಕೊಳ್ಳಲೂ ಇಲ್ಲ. ನಕ್ಕ. ಅದೇ ಹಾಳು ನಗು!

“ಹೌದ್ರಿ... ಛಲೋನೇ ಅದ.”

ಇಂಥ ಮನುಷ್ಯನಿಗೆ ಏನು ಮಾಡಬೇಕು ಹೇಳಿ! ಆ ಬೀರು ಹಳಸಿದ ಅಂಬಲಿಯಂತೆ ನಾರುತ್ತಿತ್ತು. ನಾಲಿಗೆ ಇದ್ದವರು ಯಾರಾದರೂ ಉಗುಳುತ್ತಿದ್ದರು. ಇವನು ಮೊದಲ ಮೂರು ಗ್ಲಾಸಿಗೂ ಛಲೋ ಅದ ಅಂದು, ಈ ನಾಲ್ಕನೆಯದನ್ನೂ ಪೂರ್ತಿ ಖಾಲಿ ಮಾಡಿ ಕೂತಿದ್ದ!

ಖಜೂರಿ ಎಂಬ ಊರು ದಾಟಿ ಮಹಾರಾಷ್ಟ್ರದ ರಸ್ತೆ ಹಿಡಿದರೆ ಎಡಕ್ಕೊಂದು ತಗಡಿನ ಶೆಡ್ಡು. ಅಲ್ಲಿ ವಿಠ್ಠಲ ಅನ್ನುವವನು ಜೋಳವನ್ನು ಮೊಳಕೆ ಬರಿಸಿ, ಹುರಿದು, ಕುದಿಸಿ ಬೀರು ಮಾಡುತ್ತಿದ್ದ. ಜೋಳ ಕಳಿಸುತ್ತಿದ್ದದ್ದು ಆಳಂದದ ಒಂದು ಕಾಳಿನ ಕಂಪನಿ. ಅದರ ಆಫೀಸಿನ ಮೂವರನ್ನು ಅವತ್ತು ಮಧ್ಯಾಹ್ನ ರುಚಿ ನೋಡಲು ಕರೆದಿದ್ದ. ಸುವರ್ಣಾ, ಶಾಂತಕುಮಾರ, ಮತ್ತೆ ಕಾರು ನಡೆಸಿಕೊಂಡು ಬಂದ ಅಫ್ರೀನ. ಅಫ್ರೀನ ನಿಂಬು ಸೋಡಾ ಹಿಡಿದು, ಚುರುಮುರಿ ತಿನ್ನುತ್ತ ಇವರಿಬ್ಬರ ಜಗಳವನ್ನು ಪುಕ್ಕಟೆ ನೋಡುತ್ತಿದ್ದಳು.

“ಯಾ ಅಲ್ಲಾ! ವಾಸನಿಗೇ ನನ್ನ ತಲಿ ತಿರಗಾಕತ್ತದ. ಈ ಪುಣ್ಯಾತ್ಮ ಹ್ಯಾಂಗ ಕುಡದ?” ಎಂದು ಮೂಗು ಮುಚ್ಚಿಕೊಂಡಳು.

ವಿಠ್ಠಲ ತಲೆ ಕೆರೆದುಕೊಂಡ. “ಖರೇ ಹೇಳ್ರಿ ಸಾಹೇಬ್ರ. ಈ ಪೀಪಾಯಿ ಕೆಟ್ಟದ ಅಂತ ನನಗ ಮೊದಲೇ ಡೌಟಿತ್ತು. ನೀವು ಛಲೋ ಅಂದ್ರ ನಾ ಹಂಗೇ ಸೊಲ್ಲಾಪುರಕ್ಕ ಕಳಸ್ತೇನಿ. ಅಲ್ಲಿ ಮಂದಿ ನನ್ನ ಹುಗೀತಾರ!”

“ಅಷ್ಟೇನ್ ಕೆಟ್ಟಿಲ್ರಿ... ಸ್ವಲ್ಪ ಹುಳಿ...”

“ಸ್ವಲ್ಪ?” ಸುವರ್ಣಾಳ ದನಿ ತಗಡಿಗೆ ಬಡಿದು ವಾಪಸ್ಸು ಬಂತು.

ಹೋದ ವಾರದ ಸಿಟ್ಟು ಅದು. ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ್ದಳು. ಲಾತೂರಿನ ವರ. ಅಪ್ಪ ಭೀಮಶಾ ಹುಡುಕಿ ತಂದ ಸಂಬಂಧ. ‘ಬ್ಯಾಡ ಅನ್ನು... ಒಂದು ಸಲ ಬ್ಯಾಡ ಅನ್ನು...’ ಎಂದು ಮನಸ್ಸು ಬೇಡಿಕೊಂಡಿತ್ತು.

ಇವನು ರೊಟ್ಟಿ ಮುರಿಯುತ್ತ ಅಂದಿದ್ದ: “ಛಲೋ ಅದಾನ್ರಿ.”

ಅಷ್ಟೇ! ಎರಡು ವರ್ಷ ಪಕ್ಕದ ಕುರ್ಚಿ, ಹಂಚಿಕೊಂಡ ಡಬ್ಬಿ, ಅವಳಿಗೆ ಜ್ವರ ಬಂದಾಗ ರೂಮಿನ ಬಾಗಿಲಿಗೆ ಗಂಜಿ ತಂದಿಟ್ಟದ್ದು... ಎಲ್ಲ ಆ ಒಂದು ಮಾತಿನಲ್ಲಿ ಮುಳುಗಿಹೋಗಿತ್ತು.

ನಾಳೆ ಮುಂಜಾನೆ ಲಾತೂರಿನವರು ಅಫಜಲಪುರದ ಅವಳಪ್ಪನ ಮನೆಗೆ ಮಾತು ಮುಗಿಸಲು ಬರುತ್ತಾರೆ. ಹೂಂ ಅನ್ನುವುದೋ ಉಹೂಂ ಅನ್ನುವುದೋ, ಇವತ್ತು ಸಂಜೆಯೊಳಗೆ ಅಪ್ಪನಿಗೆ ಹೇಳಬೇಕು. ಹೂಂ ಅಂದುಬಿಡಬೇಕೆಂದೇ ಅವಳು ಕಾರು ಹತ್ತಿದ್ದಳು.

ಈಗ ಈ ನಾಲ್ಕನೇ ಗ್ಲಾಸು!

ಸುವರ್ಣಾಳಿಗೆ ತಟ್ಟನೆ ಹೊಳೆಯಿತು. ಇಂಥ ಹೊಲಸಿಗೂ ಇವನು ಛಲೋ ಅದ ಅನ್ನುತ್ತಾನೆ. ಅಂದರೆ... ಅಂದರೆ ಆ ಫೋಟೋಕ್ಕೆ ಅಂದದ್ದು?

“ಹೊರಗ ಬರ್ರಿ.”

“ಯಾಕ್ರಿ?”

“ಬರ್ರಿ ಅಂದ್ನೆಲ್ಲ!”

“ಹೋಗಪ್ಪಾ, ಹೋಗು. ಇಲ್ಲಾಂದ್ರ ಉಳಿದ ಗ್ಲಾಸೂ ನಿನ್ನ ಮ್ಯಾಲೇ ಬೀಳ್ತಾವ” ಎಂದು ಅಫ್ರೀನ ಅವನನ್ನು ಎಬ್ಬಿಸಿದಳು.

ಹೊರಗೆ ಬೇವಿನ ನೆರಳು. ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸುತ್ತ ಹೋಗುತ್ತಿದ್ದವು.

“ಖರೇ ಹೇಳ್ರಿ. ಆ ಬೀರು ಹ್ಯಾಂಗಿತ್ತು?”

ಅವನು ಕಾಲಲ್ಲಿ ಕಲ್ಲು ಹೊರಳಿಸಿದ. “...ಕುಡಿಯಂಗಿರಲಿಲ್ರಿ.”

“ಮತ್ತ ಯಾಕ ಛಲೋ ಅಂದ್ರಿ? ಯಾಕ?”

“ಅವ ಪ್ರೀತಿಲೆ ಕರದು, ತನ್ನ ಕೈಲೆ ತಂದಿಟ್ಟಾನ. ಹ್ಯಾಂಗ ಹೆಸರಿಡೋದ್ರಿ, ಕೆಟ್ಟದ ಅಂತ? ಮುಂದ ಇಟ್ಟಿದ್ದಕ್ಕ ಹೆಸರಿಟ್ರ ಇಟ್ಟವರ ಮನಸು ನೋಯ್ತದ ಅಂತ ನಮ್ಮವ್ವ ಸಣ್ಣಾಂವ ಇದ್ದಾಗಿಂದ ಹೇಳ್ಯಾಳ. ಜೇವರ್ಗಿ ಮನ್ಯಾಗ ಸಾರಿಗೆ ಉಪ್ಪಿಲ್ಲಂದ್ರೂ ನಾವ್ಯಾರೂ ಬಾಯಿ ಬಿಡಂಗಿಲ್ಲ.”

ಅವ್ವನ ಮಾತು ಅಡುಗೆಯ ಮಟ್ಟಿಗೆ ಸರಿ. ಅದನ್ನೇ ಹಿಡಿದು ಈ ಮಹಾಶಯ ಜೀವನವನ್ನೇ ಕೆಡಿಸಿಕೊಳ್ಳುತ್ತಿದ್ದಾನಲ್ಲ!

“ನಾ ತೋರಿಸಿದ ಫೋಟೋ?” ಅವಳ ದನಿ ಈಗ ಸಣ್ಣಗಾಗಿತ್ತು. “ಅದೂ ಸಾರೇನು?”

ಅವನು ರಸ್ತೆಯ ಲಾರಿಯ ಕಡೆ ಮುಖ ತಿರುಗಿಸಿದ.

“ನನಗ ಸಂಜಿತನಾನೇ ಟೈಮ್ ಅದ. ಅಪ್ಪಗ ಹೂಂ ಅಂತೇನಿ ಈಗ. ಹಚ್ಚಲಿ ಫೋನು?”

“ನಿಮ್ಮಪ್ಪ ಅಷ್ಟು ಆಸಿಪಟ್ಟು ಹುಡಿಕ್ಯಾರ... ನೀವು ನಕ್ಕೋತ ತೋರಿಸಿದ್ರಿ...”

“ನಗುತಿರಲಿಲ್ಲೋ ಹುಚ್ಚಾ! ಅಳು ತಡಕೊಂಡಿದ್ದೆ!”

ಎರಡು ವರ್ಷದ ‘ರಿ’ ಕಳಚಿ ಬಿದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕಣ್ಣು ತುಂಬಿ ಹರಿಯಿತು. ಅವಳು ಫೋನು ಒತ್ತಿದಳು. ಅಪ್ಪನ ನಂಬರಿಗೆ ರಿಂಗ್ ಹೋಗತೊಡಗಿತು.

ಆಗ ಅವನ ಕೈ ಬಂದು ಅವಳ ಕೈ ಹಿಡಿಯಿತು.

“ಆ ಹುಡುಗ ಛಲೋ ಇಲ್ಲ.”

“ಯಾಕ? ಏನು ಕಡಿಮಿ ಅದ ಅವನಿಗೆ?”

“ಅವ... ನಾ ಅಲ್ಲ.”

ಅವಳು ತಲೆ ಎತ್ತಿ ಅವನ ಮುಖ ನೋಡಿದಳು.

“ಅವನಿಗೆ ನೌಕರಿ ಅದ, ಮನಿ ಅದ, ಎಲ್ಲಾ ಅದ. ಖರೇ, ಅವ ನಿನ್ನ ಕರಕೊಂಡು ಹೋದ್ರ ನಾ ಸತ್ತಂಗ, ಸುವರ್ಣಾ. ಹೂಂ ಅನಬ್ಯಾಡ. ನನಗ ಬೇಕು ನೀ.”

“ಹಲೋ? ಸುವರ್ಣಾ? ಯಾರವ್ವಾ ಅದು?” ಫೋನಿನಿಂದ ಭೀಮಶಾನ ದನಿ!

ಅಯ್ಯೋ! ಅಪ್ಪ ಎತ್ತಿದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಶಾಂತಕುಮಾರ ಬೇವಿನ ಮರಕ್ಕೆ ಆತುಕೊಂಡ.

ಸುವರ್ಣಾ ಕಣ್ಣೊರೆಸಿಕೊಂಡು ಫೋನನ್ನು ಕಿವಿಗಿಟ್ಟಳು. “ಅಪ್ಪಾ, ನಾಳಿ ಅವರಿಗೆ ಬರಬ್ಯಾಡ ಅನ್ನು... ನೀ ಈಗ ಕೇಳಿದ್ಯಲ್ಲ, ಅವರೇ... ನಮ್ಮ ಆಫೀಸಿನವರು... ಹೌದು, ನನಗೂ ಅವರೇ ಬೇಕು.”

ಆ ಕಡೆಯಿಂದ ಬಹಳ ಹೊತ್ತು ಬೈಗುಳ ಬಂತು. ಅವಳು ಹೂಂ ಹೂಂ ಅಂದಳು. ಕೊನೆಗೆ ಫೋನು ಇಳಿಸಿದಳು.

“ಏನಂದ್ರು?” ಅವನು ಕೇಳಿದ.

“ಬೈದ್ರು. ಮಾತು ಕೊಟ್ಟೀನಿ, ಈಗ ಲಾತೂರಿಗೆ ಹ್ಯಾಂಗ ಮಾರಿ ತೋರಿಸ್ಲಿ ಅಂದ್ರು.”

“ಮತ್ತ?”

“ಅವರಿಗೆ ಫೋನ್ ಮಾಡಿ ಬ್ಯಾಡ ಅಂತಾರಂತ. ನಾಳಿ ಅವರ ಬದ್ಲಿ ನೀ ಬರಬೇಕಂತ. ಎದುರಿಗೆ ಕುಂತು ಮಾತಾಡಬೇಕಂತ.”

“ನಾಳಿ? ನಾನಾ? ಸುವರ್ಣಾ... ಅಂಜಿಕಿ ಬರಾಕತ್ತದ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಆಳಂದ ಬಸ್ ಸ್ಟ್ಯಾಂಡಿನಿಂದ ನಾನೇ ಕರಕೊಂಡು ಹೋಗ್ತೇನಿ. ಒಬ್ಬಾಂವನ್ನ ಬಿಟ್ರ ನೀ ಅಂಜಿ ಜೇವರ್ಗಿ ಬಸ್ ಹತ್ತಿ ಊರಿಗೆ ಓಡಿಹೋಗ್ತಿ!”

ಅವನು ಹಿಡಿದ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದ.

“ಈ ಕೈ ಬಿಟ್ಟು ಯಾವ ಬಸ್ಸೂ ಹತ್ತಂಗಿಲ್ಲ.”

“ಇಷ್ಟು ದಿನ ಎಲ್ಲಿತ್ತು ಈ ಬಾಯಿ?”

“ಇಲ್ಲೇ ಇತ್ತು... ನಿನ್ನ ಪಕ್ಕದ ಕುರ್ಚಿಮ್ಯಾಲೆ.”