ಕಾಯಿ ಬಲಿಯುವ ಮೊದಲು

ಶನಿವಾರ ಬೆಳಿಗ್ಗೆ ಏಳೂಕಾಲು. ಮದಲೂರು ಕೆರೆಯಂಗಳದ ಒದ್ದೆ ಮರಳಿನಲ್ಲಿ ಕೂತಿದ್ದ ಹಾಲೇಶ್, ಕೈಯಲ್ಲಿದ್ದ ಜೇಕು ಹುಲ್ಲಿನ ಹೆಸರು ಹೇಳಲು ಒಪ್ಪಲಿಲ್ಲ.

"ಕಂಪ್ರೆಸಸ್ ಇರಬಹುದು. ಪ್ಯುಮಿಲಸ್ಸೂ ಇರಬಹುದು."

"ಇರಬಹುದು!" ಗಗನಾ ಸೊಂಟದ ಮೇಲೆ ಕೈಯಿಟ್ಟಳು. "ಪಾವಗಡದಲ್ಲೂ ಇದನ್ನೇ ಅಂದ್ರಿ, ಮಧುಗಿರೀಲೂ ಇದನ್ನೇ ಅಂದ್ರಿ. ನಿಮ್ಮ ಹೆಸರನ್ನಾದ್ರೂ ಗ್ಯಾರಂಟಿಯಾಗಿ ಹೇಳ್ತೀರೋ, ಅದಕ್ಕೂ ಆಧಾರ್ ಕಾರ್ಡ್ ನೋಡ್ಬೇಕೋ?"

ಅವನು ನಕ್ಕ. ನಗು ಒಂದೇ ಕೆನ್ನೆಯಲ್ಲಿ ಮೂಡಿ ಅಲ್ಲೇ ನಿಂತಿತು. ಬಯ್ಯುವಾಗಲೇ ಅದು ಕಣ್ಣಿಗೆ ಬೀಳುತ್ತದಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು.

ಇಬ್ಬರೂ ಸಸ್ಯಶಾಸ್ತ್ರ ಪಾಠ ಮಾಡುವವರು. ಅವಳು ಕೊರಟಗೆರೆಯಲ್ಲಿ, ಅವನು ಶಿರಾದಲ್ಲಿ. ನಾಲ್ಕು ತಾಲ್ಲೂಕಿನ ಕೆರೆಗಳ ಜೇಕುಗಳನ್ನು ಗುರುತಿಸುವ ಕೆಲಸ ಜೂನ್‌ನಿಂದ ನಡೆದಿತ್ತು. ಈ ಎರಡು ಜಾತಿಗಳು ನೋಡಲು ಅಕ್ಕ-ತಂಗಿಯರ ಹಾಗೆ: ಗಿಡ್ಡ ಗಿಡ, ಚಪ್ಪಟೆ ತೆನೆ, ಚೂಪು ತುದಿಯ ಹೊಟ್ಟು. ಕಾಯಿ ಬಲಿತರೆ ಗೊಂದಲವಿಲ್ಲ. ಕಂಪ್ರೆಸಸ್‌ನ ಕಾಯಿಗೆ ಮೂರು ಏಣು, ಪ್ಯುಮಿಲಸ್‌ನದು ಚಪ್ಪಟೆ. ಬಲಿತ ಕಾಯಿ ನೋಡದೆ ಹೆಸರು ಬರೆಯಬಾರದು ಎಂಬುದು ಹಾಲೇಶನ ನಿಯಮ.

ಆ ನಿಯಮವನ್ನು ಅವನು ಹುಲ್ಲಿಗಷ್ಟೇ ಇಟ್ಟುಕೊಂಡಿರಲಿಲ್ಲ. ನಾಳೆ ತಿಪಟೂರಿನಿಂದ ಗಂಡಿನ ಕಡೆಯವರು ಹೊಳವನಹಳ್ಳಿಯ ತಮ್ಮ ಮನೆಗೆ ಬರುತ್ತಾರೆಂದು ಬೈಕಿನಲ್ಲಿ ಬರುವಾಗ ಗಗನಾ ಹೇಳಿದ್ದಳು. ಹೇಳಿ, ಕಾದಿದ್ದಳು. ಅವನು ಗೇರ್ ಬದಲಿಸಿ, "ಓಹೋ. ತಿಂಡಿ ಏನು ಮಾಡಿಸ್ತಿದ್ದೀರಿ?" ಎಂದಿದ್ದ.

ಎಮ್ಮೆ ಮೇಯಿಸುತ್ತಿದ್ದ ಕಾಟಮ್ಮ ಕೂಗಿದಳು. "ಏನ್ ಕಣಮ್ಮ, ಕಿವಿ ಓಲೆ ಕಳ್ಕಂಬುಟ್ಯಾ?"

"ಇಲ್ಲ ಕಣಜ್ಜಿ, ಈ ಹುಲ್ಲಿನ ಹೆಸ್ರು ಹುಡುಕ್ತಿದೀವಿ."

"ಅಯ್ಯೋ, ಜೇಕು ಕಣವ್ವ ಅದು! ನಮ್ಮೆಮ್ಮೆ ಹೆಸ್ರು ಕೇಳ್ದಲೇ ತಿಂತೈತೆ. ನಿನ್ ಗಂಡಂಗೆ ಅಷ್ಟೂ ಗೊತ್ತಿಲ್ವಾ?"

"ಗಂಡ ಅಲ್ಲ!"

"ಅಲ್ವಾ? ಮತ್ಯಾಕಿಂಗ್ ಬಯ್ತಿದೀಯ?"

ಹಾಲೇಶ್ ಅಲ್ಲ ಎನ್ನಲಿಲ್ಲ. ಅವನ ಕಿವಿ ಕೆಂಪಾಗಿದ್ದನ್ನು ಗಗನಾ ನೋಡಿದಳು. ಕೊರಳಿನ ಲೆನ್ಸ್ ತೆಗೆದು ಅವನ ಪಕ್ಕದಲ್ಲೇ ಕುಕ್ಕರಿಸಿದಳು.

"ಹೂ ಬಿಟ್ಟಿದೆ, ನೋಡಿ. ಶಲಾಕಾಗ್ರ ಎಣಿಸಿ, ತುದೀಲಿರೋ ಆ ಸಣ್ಣ ಎಳೆಗಳನ್ನ. ಮೂರಿದ್ರೆ ಕಂಪ್ರೆಸಸ್, ಎರಡಿದ್ರೆ ಪ್ಯುಮಿಲಸ್. ಕಾಯಿ ಬಲಿಯೋವರೆಗೂ ಯಾಕೆ ಕಾಯ್ಬೇಕು?"

"ಒಂದು ಮುರಿದುಬಿದ್ದಿರಬಹುದು."

"ಹತ್ತು ಹೂ ನೋಡಿ ಮಾರಾಯ್ರೇ! ಹತ್ತರಲ್ಲೂ ಮುರಿಯುತ್ತಾ?"

ಲೆನ್ಸನ್ನು ಕಣ್ಣಿಗೇ ತಾಗಿಸಿ ನೋಡಬೇಕು. ಅವಳು ಹಿಡಿದಳು, ಅವನು ಬಾಗಿದ. ಅವನ ರೆಪ್ಪೆ ಅವಳ ಬೆರಳಿಗೆ ತಾಗಿತು. ಇಬ್ಬರೂ ಕದಲಲಿಲ್ಲ.

"ಎರಡು," ಅಂದ. ಇನ್ನೊಂದು ತೆನೆ. "ಇದರಲ್ಲೂ ಎರಡು." ಮತ್ತೊಂದು. "ಎರಡೇ."

"ಹೆಸರು?"

"ಪ್ಯುಮಿಲಸ್."

ಲೆನ್ಸ್ ಇಳಿಸಿದರೂ ಅವನು ಹಿಂದೆ ಸರಿಯಲಿಲ್ಲ. ಈಗ ಅವನು ನೋಡುತ್ತಿದ್ದುದು ಹುಲ್ಲನ್ನಲ್ಲ.

"ಇನ್ನೊಂದನ್ನೂ ಹೇಳಿಬಿಡಿ," ಅಂದಳು ಗಗನಾ. ದನಿ ಅವಳೆಣಿಸಿದಷ್ಟು ಗಟ್ಟಿಯಾಗಿ ಬರಲಿಲ್ಲ. "ನನಗೆ ನೀವು ಇಷ್ಟ. ನಿಮಗೆ ಹೌದೋ, ಅಲ್ವೋ? ಇರಬಹುದು ಅಂದ್ರೆ ಈ ಕೆಸರೆಲ್ಲ ನಿಮ್ಮ ತಲೆ ಮೇಲೆ."

"ಹೌದು." ಅವನು ಉಸಿರು ಎಳೆದುಕೊಂಡ. "ತುಂಬಾ ದಿನದಿಂದ ಹೌದು. ನಾನು ಕೇಳಿ, ನೀವು ಇಲ್ಲ ಅಂದ್ಬಿಟ್ರೆ ಜೊತೆಗೆ ಕೆರೆಗೂ ಬರಲ್ಲ ಅಂತ ಭಯ."

"ಅದಕ್ಕೆ ತಿಂಡಿ ಏನು ಅಂತ ಕೇಳೋದೇನ್ರೀ?"

"ಬಾಯಿಗೆ ಅದೇ ಬಂತು. ಆಮೇಲೆ ಊರು ಬರೋವರೆಗೂ ಸೆಕೆಂಡ್ ಗೇರಲ್ಲೇ ಓಡಿಸಿದೆ. ನೀವು ಗಮನಿಸಲಿಲ್ವಾ?"

"ಬೈಕ್ ಕೆಟ್ಟಿದೆ ಅಂದ್ಕೊಂಡೆ," ಎಂದು ಅವಳು ಹಣೆ ಚಚ್ಚಿಕೊಂಡಳು. ಕೈಗೆ ಮೆತ್ತಿದ್ದ ಕೆಸರು ಹಣೆಗೆ ಬಂತು. ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿದ. ಅವಳು ಒರೆಸಲು ಬಿಟ್ಟಳು.

ಎಂಟು ಗಂಟೆಗೆ ಹಾಲೇಶ್ ಕೆರೆ ಏರಿಯ ಮೇಲೆ ನಿಂತು ಗಗನಾಳ ಅಪ್ಪ ಮಹಾಲಿಂಗಯ್ಯನವರಿಗೆ ಫೋನ್ ಮಾಡಿದ. ಮಧ್ಯಾಹ್ನದೊಳಗೆ ಅವರು ತಿಪಟೂರಿನವರಿಗೆ ಬರುವುದು ಬೇಡ ಎಂದು ತಿಳಿಸಿದರು. ಭಾನುವಾರ ಬೆಳಿಗ್ಗೆ ಹಾಲೇಶ್ ತನ್ನ ತಾಯಿ ಸರೋಜಮ್ಮನ ಜೊತೆ ಹೊಳವನಹಳ್ಳಿಯಲ್ಲಿ ಬಸ್ಸಿಳಿದ.