ನಾಲ್ಕನೆಯ ಮೆಟ್ಟಿಲು

ಬೇಕಾದರೆ ಬಂದು ಎಣಿಸಿ, ನಂಜನಗೂಡಿನ ನಮ್ಮ ಮನೆ ಬಾಗಿಲಿಗಿರುವುದು ಮೂರೇ ಮೆಟ್ಟಿಲು. ಮದುವೆಯಾಗಿ ಬಂದಾಗಿನಿಂದ ಶುಕ್ರವಾರ ಬೆಳಿಗ್ಗೆ ಅವನ್ನು ತೊಳೆದು, ಅರಿಶಿನ ಬಳಿದು ಕುಂಕುಮವಿಡುವವಳು ನಾನೇ. ತಿ. ನರಸೀಪುರದಲ್ಲಿ ಹೊಸ ಕನ್ನಡಕ ಹಾಕಿಸಿಕೊಂಡು ಬಂದ ದಿನ ಮೆಟ್ಟಿಲು ನಾಲ್ಕು ಕಂಡವು.

"ಪವರ್ ಜಾಸ್ತಿ ಅದೆ ಕಣಮ್ಮಿ. ಒಗ್ಗಕೆ ಎಂಟು ದಿನ ಬೇಕು ಅಂತ ಅಂಗಡಿಯವ್ನೇ ಅಂದವ್ನೆ. ಅಲ್ಲೀಗಂಟ ಮೆಟ್ಲಿಗೆ ಓಗ್ಬೇಡ, ಬಿದ್ದು ಸೊಂಟ ಮುರ್ಕತೀಯ," ಎಂದರು ಯಜಮಾನರು. ಅರಿಶಿನದ ಬಟ್ಟಲು ಸೊಸೆ ನಯನಳ ಕೈಗೆ ಹೋಯಿತು.

ಬಿಡುವವಳೇ ನಾನು? ಅವರು ಗದ್ದೆಗೆ ಹೋದಾಗೆಲ್ಲ ಗೋಡೆ ಹಿಡಿದು ಇಳಿದು ಹತ್ತಿ ಅಭ್ಯಾಸ ಮಾಡಿದೆ. ಬರಿಗಾಲಿಗೆ ಮೂರು ಮೆಟ್ಟಿಲು ಬಿಸಿಲಿಗೆ ಸುಡುತ್ತಿದ್ದವು. ನಾಲ್ಕನೆಯದು ಹೊಳೆಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

ಮುಂದಿನ ಶುಕ್ರವಾರ ಸೊಸೆಯ ಕೈಯಿಂದ ಬಟ್ಟಲು ಕಿತ್ತುಕೊಂಡೆ. ಗೋಡೆ ಮುಟ್ಟದೆ ಇಳಿದು, ಒಂದೊಂದಕ್ಕೂ ಕುಂಕುಮವಿಟ್ಟು ಎದ್ದು ನಿಂತೆ.

"ಗೆದ್ಬುಟ್ಟೆ ಕಣಮ್ಮಿ!" ಎಂದು ಯಜಮಾನರು ಚಪ್ಪಾಳೆ ತಟ್ಟಿದರು. "ಈಗೆಷ್ಟು ಕಾಣ್ತವೆ?"

"ಮೂರೇ," ಎಂದೆ. ಕೈಗೆ ಬಂದ ಬಟ್ಟಲನ್ನು ಮತ್ತೆ ಕಳೆದುಕೊಳ್ಳಲು ನಾನೇನು ದಡ್ಡಿಯೆ?

ಈಗ ಕನ್ನಡಕ ಒಳಗಿಟ್ಟು ಬಂದರೂ ಸರಸರನೆ ಇಳಿಯುತ್ತೇನೆ. ನಾಲ್ಕನೆಯದು ಕಾಲಿಗೆ ಸಿಗುತ್ತದೆ, ಅಷ್ಟೇ ತಣ್ಣಗೆ.